ಲೆಕ್ಕ ಯಾರ ಕೈಗೆ? ಕೋಲಾರದ ಸಂಸ್ಥೆಗಳು ಬದಲಾದ ಬಗೆ

ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ತಾವೇ ದುಡಿಯುತ್ತಿದ್ದ ಕಾರ್ಖಾನೆಯ ಗಾಜು ಒಡೆದರು, ವಾಹನಗಳನ್ನು ಮಗುಚಿದರು, ಕಚೇರಿಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಪುಡಿಮಾಡಿದರು. ಅದು ತೈವಾನಿನ ವಿಸ್ಟ್ರಾನ್ ಕಂಪನಿಯ ಘಟಕ. ಅಲ್ಲಿ ತಯಾರಾಗುತ್ತಿದ್ದುದು ಆಪಲ್‌ನ ಐಫೋನ್. ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಕಂಪನಿ ತನ್ನ ನಷ್ಟವನ್ನು 437 ಕೋಟಿ ರೂಪಾಯಿ ಎಂದು ಹೇಳಿಕೊಂಡಿತು. ಕೆಲವೇ ದಿನಗಳಲ್ಲಿ ತೈವಾನಿನ ಷೇರುಪೇಟೆಗೆ ಕೊಟ್ಟ ಹೇಳಿಕೆಯಲ್ಲಿ ಆ ಅಂದಾಜು 26ರಿಂದ 52 ಕೋಟಿಯ ಆಸುಪಾಸಿಗೆ ಇಳಿಯಿತು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಆ ವಾರ ಕೇಳಿಬಂದ ವಿವರಣೆಗಳಲ್ಲಿ ಎರಡು ಬಹಳ ಬಲವಾಗಿದ್ದವು. ಹೊರಗಿನ ಯಾರೋ ಕುಮ್ಮಕ್ಕು ಕೊಟ್ಟರು ಎನ್ನುವುದು ಮೊದಲನೆಯದು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳ ಹಳ್ಳಿಗಳಿಂದ ಕಂಪನಿ ಬಸ್ಸು ಹತ್ತಿ ಬರುವ ಹುಡುಗರಿಗೆ ಆಧುನಿಕ ಕಾರ್ಖಾನೆಯ ಶಿಸ್ತು ಒಗ್ಗಲಿಲ್ಲ, ಬದಲಾವಣೆಗೆ ಅವರು ಸಿದ್ಧರಿರಲಿಲ್ಲ ಎನ್ನುವುದು ಎರಡನೆಯದು. ಮೊದಲನೆಯದನ್ನು ತನಿಖೆ ನಡೆಸುವವರು ನೋಡಿಕೊಳ್ಳಲಿ. ಎರಡನೆಯ ಮಾತು ತಪ್ಪೆಂದು ತೋರಿಸುವುದು ಈ ಬರಹದ ಉದ್ದೇಶ. ಏಕೆಂದರೆ ಸಂಸ್ಥೆಗಳನ್ನು ಬದಲಿಸಲು ಹೊರಟವರು, ಅದು ಕಾರ್ಖಾನೆಯಿರಲಿ, ಸರ್ಕಾರಿ ಇಲಾಖೆಯಿರಲಿ, ಸಹಕಾರ ಸಂಘವಿರಲಿ, ಸೋತಾಗಲೆಲ್ಲ ಆಶ್ರಯಿಸುವುದು ಇದೇ ಮಾತನ್ನು: ಜನ ಬದಲಾವಣೆಯನ್ನು ವಿರೋಧಿಸುತ್ತಾರೆ.

ಮೊದಲು ನರಸಾಪುರದಲ್ಲಿ ಬದಲಾದದ್ದು ಏನೇನು ಎಂದು ನೋಡಬೇಕು. ಘಟನೆಯ ಬೆನ್ನಿಗೇ ರಾಜ್ಯದ ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಪರಿಶೀಲಿಸಿ ಕೊಟ್ಟ ವರದಿ ಇದಕ್ಕೆ ಒಳ್ಳೆಯ ಆಧಾರ. ಬಹಳ ಕಡಿಮೆ ಅವಧಿಯಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರಲ್ಲಿ ಕಾಯಂ ಇದ್ದವರು ಸಾವಿರದ ಮುನ್ನೂರು ಚಿಲ್ಲರೆ. ಉಳಿದವರೆಲ್ಲ ಬೇರೆ ಬೇರೆ ಏಜೆನ್ಸಿಗಳ ಮೂಲಕ ಬಂದ ಕಾಂಟ್ರಾಕ್ಟ್ ಕಾರ್ಮಿಕರು. ಅಕ್ಟೋಬರ್‌ನಲ್ಲಿ 8 ಗಂಟೆಯ ಪಾಳಿ 12 ಗಂಟೆಗೆ ಹೋಯಿತು. ಹಾಜರಿ ದಾಖಲಿಸುವ ವ್ಯವಸ್ಥೆಯೂ ಅದೇ ಹೊತ್ತಿಗೆ ಬದಲಾಯಿತು, ಮತ್ತು ಹೊಸ ವ್ಯವಸ್ಥೆ ಹಾಜರಿಯನ್ನು ಸರಿಯಾಗಿ ಹಿಡಿಯಲಿಲ್ಲ. ಎರಡು ತಿಂಗಳಾದರೂ ಅದನ್ನು ಸರಿಪಡಿಸಿರಲಿಲ್ಲ. ಇಷ್ಟು ದೊಡ್ಡ ಕಾರ್ಮಿಕ ಸಮೂಹವನ್ನು ನಿಭಾಯಿಸಲು ಬೇಕಾದಷ್ಟು ಸಿಬ್ಬಂದಿಯಾಗಲಿ, ಕಾರ್ಮಿಕ ಕಾನೂನು ಬಲ್ಲವರಾಗಲಿ ಮಾನವ ಸಂಪನ್ಮೂಲ ವಿಭಾಗದಲ್ಲಿ ಇರಲಿಲ್ಲ ಎಂದೂ ವರದಿ ಹೇಳಿತು. ಆಪಲ್ ತನ್ನದೇ ಪ್ರಾಥಮಿಕ ತನಿಖೆಯಲ್ಲಿ ಕಂಡುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ: ಕೆಲಸದ ಅವಧಿಯ ಲೆಕ್ಕ ಇಡುವ ಕ್ರಮ ಸರಿಯಿರಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಯಿತು. ವಿಸ್ಟ್ರಾನ್ ಕೂಡ ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು.

ಈ ವಿವರಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಆ ಹುಡುಗ ಹುಡುಗಿಯರು ಐಫೋನ್ ಜೋಡಿಸುವ ಕೆಲಸವನ್ನು ಕಲಿತರು. ಮುಸುಕು, ಕೈಗವಸು, ನಿಂತೇ ದುಡಿಯುವ ಪಾಳಿ, ರಾತ್ರಿಯ ಬಸ್ಸು ಎಲ್ಲಕ್ಕೂ ಒಗ್ಗಿಕೊಂಡರು. 12 ಗಂಟೆಯ ಪಾಳಿಯಲ್ಲೂ ಎರಡು ತಿಂಗಳು ದುಡಿದರು. ಹೊಸದನ್ನು ಅವರು ಒಲ್ಲೆ ಎಂದದ್ದು ಎಲ್ಲಿಯೂ ಕಾಣುವುದಿಲ್ಲ. ಅವರಿಗೆ ಸಹಿಸಲಾಗದೆ ಹೋದದ್ದು, ತಾವು ದುಡಿದ ಗಂಟೆಗಳು ಎಷ್ಟೆಂದು ತಮಗೇ ಖಾತ್ರಿ ಮಾಡಿಕೊಳ್ಳಲು ಆಗದ ಸ್ಥಿತಿ. ಪಂಚ್ ಮಾಡಿದ ಹಾಜರಿ ಯಂತ್ರದೊಳಕ್ಕೆ ಹೋಗುತ್ತದೆ, ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೆ ಒಂದು ಮೊತ್ತ ಬರುತ್ತದೆ, ನಡುವೆ ಏನಾಯಿತೆಂದು ತಿಳಿಯದು. ಕೇಳಲು ಹೋದರೆ ಕಂಪನಿಯವರು ಏಜೆನ್ಸಿಯತ್ತ ತೋರಿಸುತ್ತಾರೆ, ಏಜೆನ್ಸಿಯವರು ಕಂಪನಿಯತ್ತ. ಸೇರುವಾಗ ಹೇಳಿದ ಸಂಬಳ ಕೈಗೆ ಬರುವಷ್ಟರಲ್ಲಿ ಅರ್ಧಕ್ಕೆ ಇಳಿದಿತ್ತೆಂಬ ದೂರುಗಳೂ ಆಗ ಪತ್ರಿಕೆಗಳಲ್ಲಿ ಬಂದವು. ಸಂಸ್ಥೆಯೊಂದರ ಬದಲಾವಣೆ ನಿಲ್ಲುವುದು ಅಥವಾ ಮುರಿಯುವುದು, ಅದಕ್ಕೆ ಒಳಗಾಗುವವರು ತಮ್ಮ ಲೆಕ್ಕವನ್ನು ತಾವೇ, ಆಯಾ ಹೊತ್ತಿಗೇ ನೋಡಿ ಪ್ರಶ್ನಿಸಬಲ್ಲರೇ ಎಂಬುದರ ಮೇಲೆ ಎಂದು ನಾನು ವಾದಿಸುತ್ತೇನೆ. ನಾಯಕತ್ವದ ಉಳಿದ ಗುಣಗಳು, ಅಂದರೆ ದೂರದೃಷ್ಟಿ, ಮಾತುಗಾರಿಕೆ, ಹುರಿದುಂಬಿಸುವಿಕೆ, ಇದಾದ ಮೇಲೆ ಬರುವಂಥವು.

ಆಡಳಿತ ಶಾಸ್ತ್ರದಲ್ಲಿ ಈ ವಿಷಯದ ಓದು ದೊಡ್ಡದು. ಅದರ ಬುಡದಲ್ಲಿರುವ ಪ್ರಯೋಗಗಳು ಇಂದಿನ ಕೈಪಿಡಿಗಳಿಗಿಂತ ಹೆಚ್ಚು ಕಲಿಸುತ್ತವೆ. ಅಮೆರಿಕದ ವರ್ಜೀನಿಯಾದ ಹಾರ್‌ವುಡ್ ಉಡುಪು ಕಾರ್ಖಾನೆಯಲ್ಲಿ ಕೋಕ್ ಮತ್ತು ಫ್ರೆಂಚ್ ಎಂಬ ಇಬ್ಬರು ನಡೆಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಕೆಲಸದ ರೀತಿ ಮತ್ತು ತುಂಡುಗೂಲಿಯ ದರ ಬದಲಾಗುವಾಗ ಒಂದು ಗುಂಪಿಗೆ ನಿರ್ಧಾರವನ್ನು ಬರೀ ತಿಳಿಸಲಾಯಿತು. ಅವರ ಉತ್ಪಾದನೆ ಕುಸಿದು ಮೇಲೇಳಲೇ ಇಲ್ಲ, ಮೊದಲ 40 ದಿನಗಳಲ್ಲಿ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಹೊಸ ದರ ನಿಗದಿ ಮಾಡುವ ಕೆಲಸದಲ್ಲೇ ಪೂರ್ತಿ ಪಾಲ್ಗೊಂಡ ಗುಂಪುಗಳು ಬೇಗ ಹಳೆಯ ಮಟ್ಟಕ್ಕೆ ಬಂದು ಅದನ್ನೂ ದಾಟಿದವು, ಅಲ್ಲಿ ಯಾರೂ ಬಿಟ್ಟುಹೋಗಲಿಲ್ಲ. ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ 1953ರಲ್ಲಿ ಎ.ಕೆ. ರೈಸ್ ಸ್ವಯಂಚಾಲಿತ ಮಗ್ಗಗಳ ವಿಚಾರದಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದು. ನೇಕಾರರೇ ತಂಡ ಕಟ್ಟಿಕೊಂಡು ಮಗ್ಗಗಳನ್ನು ನೋಡಿಕೊಂಡಾಗ ಇಳುವರಿ ಏರಿತು, ಬಟ್ಟೆ ಹಾಳಾಗುವುದು ತಗ್ಗಿತು. ಇವನ್ನೆಲ್ಲ ಬದಿಗಿಟ್ಟು ನಮ್ಮ ಮ್ಯಾನೇಜ್‌ಮೆಂಟ್ ತರಗತಿಗಳು ಹೆಚ್ಚಾಗಿ ಹೇಳಿಕೊಡುವುದು ಹಾರ್ವರ್ಡಿನ ಜಾನ್ ಕಾಟರ್ 1990ರ ದಶಕದಲ್ಲಿ ಬರೆದ ಎಂಟು ಹೆಜ್ಜೆಗಳನ್ನು. ಅದರ ಮೊದಲ ಹೆಜ್ಜೆ ತುರ್ತನ್ನು ಹುಟ್ಟಿಸುವುದು. ನರಸಾಪುರದಲ್ಲಿ ತುರ್ತಿಗೆ ಕೊರತೆಯೇ ಇರಲಿಲ್ಲ. ಚೀನಾದಿಂದ ಉತ್ಪಾದನೆ ಸರಿಯುತ್ತಿತ್ತು, ಕೇಂದ್ರದ ಉತ್ಪಾದನಾ ಪ್ರೋತ್ಸಾಹಧನ ಗುರಿ ಮುಟ್ಟಿದವರಿಗಷ್ಟೇ ಸಿಗುವಂತಿತ್ತು, ಆದೇಶಗಳು ಕಾದು ನಿಂತಿದ್ದವು. ಅಲ್ಲಿ ಇಲ್ಲದೆ ಹೋದದ್ದು ಹಾರ್‌ವುಡ್‌ನ ಪಾಠ.

ಕೋಲಾರ ಜಿಲ್ಲೆಗೆ ಈ ಪಾಠ ಹೊಸದೂ ಆಗಬೇಕಿರಲಿಲ್ಲ. ನರಸಾಪುರದ ಘಟನೆಗೆ ತೊಂಬತ್ತು ವರ್ಷ ಮೊದಲು, 1930ರಲ್ಲಿ, ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಸುಮಾರು ಮೂರು ವಾರ ಮುಷ್ಕರ ಹೂಡಿದ್ದರು. ಗಣಿ ಆಗ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿತ್ತು. ಮುಷ್ಕರಕ್ಕೆ ಕಾರಣ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಹೊಸ ಪದ್ಧತಿ. ಈ ಜನ ಬದಲಾವಣೆಗೆ ಹೆದರುವವರಾಗಿದ್ದರೆ ನೆಲದೊಳಗೆ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಾಗ ಗಣಿಯ ಕೆಲಸದ ಸ್ವರೂಪವೇ ಬದಲಾಯಿತು. ಆಳ ಹೆಚ್ಚಿದಂತೆ ಶಾಖ, ಬಂಡೆ ಸಿಡಿತ, ಹೊಸ ಯಂತ್ರಗಳು ಎಲ್ಲವೂ ಬಂದವು, ಅವರು ಎಲ್ಲದಕ್ಕೂ ಹೆಗಲು ಕೊಟ್ಟರು. ಬೆರಳಚ್ಚಿನ ವಿಷಯದಲ್ಲಿ ಎದ್ದು ನಿಂತದ್ದಕ್ಕೆ ಕಾರಣ, ಆ ದಾಖಲೆ ಕಂಪನಿಯ ಕೈಯಲ್ಲಿ ಉಳಿದು ತಮ್ಮ ವಿರುದ್ಧ ಕೆಲಸ ಮಾಡಬಹುದಿತ್ತು, ತಮಗೆ ಅದರಿಂದ ಯಾವ ಹಿಡಿತವೂ ಸಿಗುತ್ತಿರಲಿಲ್ಲ. 1930ರ ಬೆರಳಚ್ಚು, 2020ರ ಹಾಜರಿ ಯಂತ್ರ: ಎರಡೂ ಕಡೆ ಕಿಡಿ ಹೊತ್ತಿದ್ದು ಕಾರ್ಮಿಕನನ್ನು ದಾಖಲಿಸುವ ಜಾಗದಲ್ಲೇ ಎಂಬುದನ್ನು ಕಾಕತಾಳೀಯವೆಂದು ನಾನು ತಳ್ಳಿಹಾಕಲಾರೆ.

ಇದಕ್ಕೆ ಎದುರಾಗಿ ಇಡಬೇಕಾದ ಉದಾಹರಣೆ ಇದೇ ತಾಲ್ಲೂಕುಗಳ ಹಳ್ಳಿಹಳ್ಳಿಯಲ್ಲಿ ದಿನಕ್ಕೆ ಎರಡು ಹೊತ್ತು ನಡೆಯುತ್ತಿದೆ. ಹಾಲಿನ ಡೇರಿ ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದು ಎಂಥ ದೊಡ್ಡ ಬದಲಾವಣೆಯಾಗಿತ್ತು ಎಂಬುದೇ ಮರೆತುಹೋಗಿದೆ. ನೆಹರೂ ಸರ್ಕಾರದಲ್ಲಿ ಕೃಷಿ ಖಾತೆಯ ಉಪಸಚಿವರಾಗಿದ್ದ ಕೋಲಾರ ಜಿಲ್ಲೆಯ ಎಂ.ವಿ. ಕೃಷ್ಣಪ್ಪನವರು ಹೈನುಗಾರಿಕೆಯ ಬಗ್ಗೆ ಹಚ್ಚಿದ ಆಸೆ ಒಂದು ಕಡೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೋಲಾರವೂ ಸೇರಿದಂತೆ ದಕ್ಷಿಣದ ಜಿಲ್ಲೆಗಳಲ್ಲಿ ಆರಂಭವಾದ ಹೈನು ಅಭಿವೃದ್ಧಿ ಯೋಜನೆ ಇನ್ನೊಂದು ಕಡೆ. ಗುಜರಾತಿನ ಆಣಂದ್ ಮಾದರಿಯ ಸಂಘಗಳು ಹಳ್ಳಿಗೆ ಬಂದವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು, 1987ರಲ್ಲಿ ಕೋಲಾರ ಒಕ್ಕೂಟ ಬೆಂಗಳೂರಿನಿಂದ ಬೇರೆಯಾಯಿತು. ಈ ಅವಧಿಯಲ್ಲಿ ಮನೆಯೊಂದು ಏನೇನು ಬದಲಿಸಿಕೊಂಡಿತು ನೋಡಿ. ನಾಟಿ ಹಸುವಿನ ಬದಲು ಸೀಮೆ ಹಸು ಕಟ್ಟಿತು. ಹೋರಿಯ ಬದಲು ಕೃತಕ ಗರ್ಭಧಾರಣೆಯನ್ನು ಒಪ್ಪಿತು. ಮೊಸರು, ಬೆಣ್ಣೆ, ತುಪ್ಪವಾಗುತ್ತಿದ್ದ ಹಾಲನ್ನು ಹಸಿಯಾಗಿಯೇ ಮಾರತೊಡಗಿತು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಂತು ಹಾಲನ್ನು ಒಂದೇ ಕ್ಯಾನಿಗೆ ಸುರಿದರು, ಅದೂ ಇಂಥ ವಿಷಯದಲ್ಲಿ ಬಹಳ ಬಿಗುವಾಗಿದ್ದ ಊರುಗಳಲ್ಲಿ. ಪಾಳಿಯ ಅವಧಿ ಬದಲಾಗುವುದಕ್ಕಿಂತ ಇದು ಎಷ್ಟೋ ಆಳದ ಬದಲಾವಣೆ. ಇದರಿಂದ ಯಾವ ಊರೂ ಹೊತ್ತಿ ಉರಿಯಲಿಲ್ಲ.

ಹಾಲಿನ ಬೆಲೆ ಚೆನ್ನಾಗಿತ್ತು, ಬಟವಾಡೆ ಸಕಾಲಕ್ಕೆ ಬರುತ್ತಿತ್ತು ಎಂದಷ್ಟೇ ಹೇಳಿದರೆ ಸಾಲದು. ಬೆಲೆ ಸಾಲದು ಎಂದು ರೈತರು ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ಡೇರಿಯ ಗುಟ್ಟು ಅದರ ಅಳತೆಯಲ್ಲಿದೆ. ಹಾಲು ಹಾಕಿದವರ ಎದುರಿಗೇ ಅಳತೆ, ಅವರ ಎದುರಿಗೇ ಮಾದರಿ ತೆಗೆಯುವುದು, ಫ್ಯಾಟ್ ಎಷ್ಟು ಬಂತೆಂದು ಅಲ್ಲೇ ಹೇಳುವುದು, ಪಾಸ್‌ಬುಕ್ಕಿನಲ್ಲಿ ಬರೆದು ಕೈಗೆ ಕೊಡುವುದು. ಹದಿನೈದು ದಿನದ ಬಟವಾಡೆಯ ಹೊತ್ತಿಗೆ ಬರಬೇಕಾದ ಮೊತ್ತ ಮನೆಯ ಹೆಂಗಸಿಗೆ ಮೊದಲೇ ಗೊತ್ತಿರುತ್ತದೆ. ಫ್ಯಾಟಿನ ವಿಚಾರದಲ್ಲಿ ಸೆಕ್ರೆಟರಿಯ ಮೇಲೆ ಅನುಮಾನ, ಜಗಳ, ಗುಂಪುಗಾರಿಕೆ ಡೇರಿಯಲ್ಲಿ ಬೇಕಾದಷ್ಟಿದೆ. ಆದರೆ ಜಗಳಕ್ಕೆ ಒಂದು ಜಾಗವಿದೆ, ಹೊತ್ತಿದೆ, ಮುಖವಿದೆ. ಇಂದು ಸಂಜೆಯ ತಕರಾರು ನಾಳೆ ಬೆಳಗ್ಗೆಗೆ ಇತ್ಯರ್ಥವಾಗದಿದ್ದರೂ ಎಲ್ಲರಿಗೂ ಗೊತ್ತಾಗಿರುತ್ತದೆ. ಮುಂದೆ ಸ್ವಯಂಚಾಲಿತ ಹಾಲು ಸಂಗ್ರಹಣಾ ಯಂತ್ರಗಳು ಬಂದವು. ಡಿಜಿಟಲ್ ತೂಕ, ಎಲೆಕ್ಟ್ರಾನಿಕ್ ಫ್ಯಾಟ್ ಪರೀಕ್ಷೆ, ಕಂಪ್ಯೂಟರ್ ಎಲ್ಲ ಇರುವ ಈ ಯಂತ್ರವೂ ನರಸಾಪುರದ ಹಾಜರಿ ಯಂತ್ರದ ಜಾತಿಯದ್ದೇ, ಮನುಷ್ಯನ ದುಡಿಮೆಯನ್ನು ಸಂಖ್ಯೆಯಾಗಿಸುವಂಥದ್ದು. ಹಳ್ಳಿ ಅದನ್ನು ಒಪ್ಪಿಕೊಂಡಿತು. ಆ ಯಂತ್ರ ಮುದ್ರಿಸಿದ ಚೀಟಿ ಹಾಲು ಹಾಕಿದವರ ಕೈಗೆ ಬರುತ್ತದೆ: ಲೀಟರ್ ಇಷ್ಟು, ಫ್ಯಾಟ್ ಇಷ್ಟು, ಘನಾಂಶ ಇಷ್ಟು, ರೂಪಾಯಿ ಇಷ್ಟು. ಕಾರ್ಖಾನೆಯ ಯಂತ್ರದ ಲೆಕ್ಕ ಕಚೇರಿಯತ್ತ ಹರಿಯಿತು, ಡೇರಿಯ ಯಂತ್ರದ ಲೆಕ್ಕ ಸಾಲಿನಲ್ಲಿ ನಿಂತವರತ್ತ ಹರಿಯಿತು. ಒಂದೇ ಬಗೆಯ ತಂತ್ರಜ್ಞಾನಕ್ಕೆ ಒಂದೇ ಜಿಲ್ಲೆಯ ಜನ, ಎಷ್ಟೋ ಕಡೆ ಒಂದೇ ಮನೆಯ ಅಮ್ಮ ಮತ್ತು ಮಗ, ಬೇರೆ ಬೇರೆಯಾಗಿ ಪ್ರತಿಕ್ರಿಯಿಸಿದ್ದಕ್ಕೆ ಇದಕ್ಕಿಂತ ಸರಳ ಕಾರಣ ನನಗೆ ಕಾಣುವುದಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ. ಡೇರಿಯಲ್ಲಿ ಹಾಲು ಹಾಕುವವರೇ ಸದಸ್ಯರು, ಅವರೇ ಮತ ಹಾಕಿ ಆಡಳಿತ ಮಂಡಳಿ ಆರಿಸುತ್ತಾರೆ. ಕಾರ್ಖಾನೆಯ ಕೂಲಿಗಾರನಿಗೆ ಆ ಒಡೆತನವಿಲ್ಲ, ಹೋಲಿಕೆ ಹೇಗೆ ನಿಲ್ಲುತ್ತದೆ? ಒಡೆತನದ ವ್ಯತ್ಯಾಸ ನಿಜ, ಆದರೆ ನಾನು ಕೇಳುತ್ತಿರುವುದು ಚೀಟಿಯನ್ನು, ಅದಕ್ಕೆ ಒಡೆತನ ಬೇಕಿಲ್ಲ. ಕಾರ್ಖಾನೆಗೆ ಅದನ್ನು ಆಗಿನ ಕಾನೂನೇ ಹೇಳಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ ಗುತ್ತಿಗೆದಾರ ಕೂಲಿ ಕೊಡುವಾಗ ಮೂಲ ಮಾಲೀಕನ ಪ್ರತಿನಿಧಿ ಎದುರಿಗಿದ್ದು ಅದನ್ನು ದೃಢೀಕರಿಸಬೇಕಿತ್ತು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕಿತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಸೆಕ್ಷನ್ ಇನ್ನೂ ಮುಖ್ಯವಾಗಿತ್ತು. ಕೂಲಿ, ಕೆಲಸದ ಅವಧಿ, ಪಾಳಿ ಮುಂತಾದ ಷರತ್ತುಗಳನ್ನು ಬದಲಿಸುವ ಮುನ್ನ ಬಾಧಿತರಾಗುವ ಕಾರ್ಮಿಕರಿಗೆ 21 ದಿನಗಳ ನೋಟಿಸ್ ಕೊಡಬೇಕೆಂದು ಅದು ಹೇಳುತ್ತಿತ್ತು. ನೂರು ಮತ್ತು ಮೇಲ್ಪಟ್ಟ ಕಾರ್ಮಿಕರಿರುವಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಕೂಡಿದ ಕಾರ್ಯಸಮಿತಿ, 2010ರ ತಿದ್ದುಪಡಿಯ ನಂತರ ಇಪ್ಪತ್ತು ಮತ್ತು ಮೇಲ್ಪಟ್ಟವರಿರುವಲ್ಲಿ ಕುಂದುಕೊರತೆ ನಿವಾರಣಾ ಸಮಿತಿ, ಇವೂ ಅದೇ ಕಾಯ್ದೆಯಲ್ಲಿದ್ದವು. ಆಡಳಿತ ಶಾಸ್ತ್ರ ಬದಲಾವಣೆಯ ನಿರ್ವಹಣೆಯೆಂದು ಬೋಧಿಸುವುದರ ಬಹುಪಾಲನ್ನು ನಮ್ಮ ಕಾರ್ಮಿಕ ಕಾನೂನು ದಶಕಗಳ ಹಿಂದೆಯೇ ಕಡ್ಡಾಯ ಮಾಡಿತ್ತು. ಕಾರ್ಮಿಕರನ್ನು ಏಜೆನ್ಸಿಗಳ ನಡುವೆ ಹಂಚಿದಾಗ ಈ ನೋಟಿಸು, ಸಮಿತಿ, ದೃಢೀಕರಣ ಎಲ್ಲವೂ ಕಾಗದದ ಮೇಲೆ ಉಳಿದು ನೆಲದ ಮೇಲೆ ಕರಗುತ್ತವೆ. ಬದಲಾವಣೆಯ ಸುದ್ದಿ ಹೇಳಬೇಕಾದವರು ಯಾರು, ಕೇಳಿಸಿಕೊಳ್ಳಬೇಕಾದವರು ಯಾರು ಎಂಬುದೇ ಸ್ಪಷ್ಟವಿರುವುದಿಲ್ಲ. ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ತೋರಿಸಿದಂತೆ, ಅತೃಪ್ತರ ಮುಂದೆ ಇರುವುದು ಮುಖ್ಯವಾಗಿ ಎರಡು ದಾರಿ: ಬಿಟ್ಟುಹೋಗುವುದು ಇಲ್ಲವೇ ದನಿಯೆತ್ತುವುದು. ಲಾಕ್‌ಡೌನ್ ಮುಗಿದು ಕೆಲಸವೇ ಸಿಗದಿದ್ದ ಆ ವರ್ಷ ಬಿಟ್ಟುಹೋಗುವ ದಾರಿ ಮುಚ್ಚಿತ್ತು, ದನಿಯೆತ್ತುವ ದಾರಿಯನ್ನು ಯಾರೂ ಕಟ್ಟಿರಲಿಲ್ಲ.

ಹೀಗೆಂದರೆ ಹಿಂಸೆಗೆ ಸಮರ್ಥನೆ ಕೊಟ್ಟಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗುವುದಿಲ್ಲ. ಒಡೆದ ಗಾಜಿಗೆ ಒಡೆದವರು ಹೊಣೆ. ಆ ದಿನ ಸುಮ್ಮನೆ ಮನೆಗೆ ಹೋದ ಸಾವಿರಾರು ಮಂದಿಗೂ ಅದೇ ಕಷ್ಟವಿತ್ತು ಎಂಬುದೂ ನಿಜ. ಆ ಬೆಳಗಿನ ಕೋಪ ಅಷ್ಟು ಜನರಲ್ಲಿ ಒಟ್ಟಿಗೆ ಏಕೆ ಇತ್ತು ಎಂಬ ಪ್ರಶ್ನೆಗೆ ಮಾತ್ರ ಪೊಲೀಸ್ ಪ್ರಕರಣ ಉತ್ತರವಾಗದು. ವೇಗದ ಬಗ್ಗೆ ಬರುವ ಆಕ್ಷೇಪ ಇದಕ್ಕಿಂತ ತೂಕದ್ದು. ಜಾಗತಿಕ ಕಂಪನಿಗಳು ಕಾಯುವುದಿಲ್ಲ, ನಿಧಾನಿಸಿದರೆ ಉದ್ಯೋಗ ಪಕ್ಕದ ತಮಿಳುನಾಡಿಗೆ ಹೋಗುತ್ತದೆ, ನದಿಯಿಲ್ಲದ ಜಿಲ್ಲೆಯಲ್ಲಿ ಸಾವಿರ ಅಡಿಯ ಕೊಳವೆಬಾವಿ ನಂಬಿ ಕೂತ ಮನೆಗಳಿಗೆ ಆ ಉದ್ಯೋಗ ಬೇಕೇ ಬೇಕು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅವಸರ ಏನನ್ನು ಉಳಿಸಿತು? ಕಾರ್ಖಾನೆ ವಾರಗಟ್ಟಲೆ ಮುಚ್ಚಿತು, ಆಪಲ್ ಹೊಸ ಆದೇಶಗಳನ್ನು ತಡೆಹಿಡಿಯಿತು. ಮೂರು ವರ್ಷದೊಳಗೆ, 2023ರ ಅಕ್ಟೋಬರ್ 27ರಂದು, ವಿಸ್ಟ್ರಾನ್ ಆಡಳಿತ ಮಂಡಳಿ ಘಟಕವನ್ನು ಟಾಟಾ ಎಲೆಕ್ಟ್ರಾನಿಕ್ಸ್‌ಗೆ 12.5 ಕೋಟಿ ಡಾಲರಿಗೆ ಮಾರಲು ಒಪ್ಪಿತು. ಮಾರಾಟಕ್ಕೆ ವ್ಯಾಪಾರದ ಬೇರೆ ಕಾರಣಗಳೂ ಇದ್ದವು, ಅದನ್ನು ಗಲಭೆಯ ಫಲವೆಂದು ಹೇಳಲಾಗದು. ಅಷ್ಟಾದರೂ, ಹತ್ತು ಸಾವಿರ ಜನರ ಸಂಬಳ ನಿಭಾಯಿಸಬಲ್ಲ ಸಿಬ್ಬಂದಿಯನ್ನು ಮೊದಲು ನೇಮಿಸಿ, ಹಾಜರಿ ಯಂತ್ರವನ್ನು ಹಳೆಯ ಪಾಳಿಯಲ್ಲೇ ಒಂದು ತಿಂಗಳು ಪರೀಕ್ಷಿಸಿ, ಆಮೇಲೆ ಪಾಳಿ ಬದಲಿಸಿದ್ದರೆ ಕಳೆಯುತ್ತಿದ್ದ ಸಮಯ, ಕಳೆದುಹೋದ ಸಮಯಕ್ಕಿಂತ ಹೆಚ್ಚಿರುತ್ತಿರಲಿಲ್ಲ.

ಸರ್ಕಾರವೂ ಈ ಪರೀಕ್ಷೆಯಿಂದ ಹೊರತಲ್ಲ. ನರಸಾಪುರದ ಸುತ್ತಮುತ್ತಲೇ 2018ರಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಹರಿದು ಬಂತು. ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ದಿನಕ್ಕೆ 44 ಕೋಟಿ ಲೀಟರಿನ ಗುರಿಯೊಂದಿಗೆ, 126 ಕೆರೆಗಳಿಗೆಂದು ಲಕ್ಷ್ಮೀಸಾಗರದ ಕೆರೆಗೆ ಮೊದಲು ಬಂದು ಬಿದ್ದಿತು. ನೀರಿಗಾಗಿ ಹೋರಾಡಿ ಬೇಸತ್ತಿದ್ದ ಜನ ಸಂಭ್ರಮಿಸಿದರು. ಮರುತಿಂಗಳೇ ಕೆರೆಯಲ್ಲಿ ನೊರೆ ಕಂಡಿತು, ಪ್ರಕರಣ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ ತಡೆ, ತೆರವು, ಮತ್ತೆ ತಡೆ ಎಂದು ಎಳೆದಾಡಿತು. ಅಂತರ್ಜಲ ಏರಿದ್ದನ್ನು ಕಂಡ ರೈತರು ಯೋಜನೆಯ ಪರ ನಿಂತರು, ಮೂರನೆಯ ಹಂತದ ಶುದ್ಧೀಕರಣ ಬೇಕೆನ್ನುವವರು ಎದುರು ನಿಂತರು. ಎರಡೂ ಪಕ್ಷದವರಿಗೆ ನೀರು ಬೇಕಿತ್ತು. ತಗಾದೆ ಇದ್ದದ್ದು ಆ ನೀರನ್ನು ಅಳೆಯುವವರು ಯಾರು, ಫಲಿತಾಂಶ ಯಾರ ಕೈಗೆ ಬರುತ್ತದೆ ಎಂಬುದರಲ್ಲಿ. ಹಿಂದೆ ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಊರಿನ ಕಣ್ಣೆದುರಿಗೇ ಕೆಲಸ ಮಾಡುತ್ತಿದ್ದ. ಈಗಿನ ಕೆರೆಯಿಂದ ನೇರವಾಗಿ ನೀರೆತ್ತುವಂತಿಲ್ಲ, ಗುಣಮಟ್ಟದ ವರದಿ ಪ್ರಯೋಗಾಲಯದಿಂದ ಇಲಾಖೆಗೆ ಹೋಗುತ್ತದೆ. ಡೇರಿಯಲ್ಲಿ ಫ್ಯಾಟ್ ಹೇಳಿದಂತೆ ಪ್ರತಿ ವಾರದ ಪರೀಕ್ಷೆಯ ಫಲವನ್ನು ಕನ್ನಡದಲ್ಲಿ ಆಯಾ ಪಂಚಾಯಿತಿಯ ಗೋಡೆಗೆ ಅಂಟಿಸುವುದನ್ನು ಯೋಜನೆಯ ಮೊದಲ ದಿನದಿಂದಲೇ ಆರಂಭಿಸಿದ್ದರೆ ಆ ವಿವಾದ ಇಲ್ಲವಾಗುತ್ತಿರಲಿಲ್ಲವೇನೋ, ಖಂಡಿತ ಬೇರೆ ರೂಪ ಪಡೆಯುತ್ತಿತ್ತು.

ನನ್ನ ವಾದಕ್ಕೂ ಒಂದು ಗಡಿ ಇದೆ, ಅದು ಕೂಡ ಕೋಲಾರದಲ್ಲೇ ಇದೆ. ಚಿನ್ನದ ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೂ 1962ರಲ್ಲಿ ಕೇಂದ್ರದ ಕೈಗೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತಿತ್ತು, ಆಳ ಮೂರು ಕಿಲೋಮೀಟರ್ ದಾಟಿತ್ತು, ಒಂದು ಗ್ರಾಂ ತೆಗೆಯುವ ವೆಚ್ಚ ಅದರ ಬೆಲೆಯನ್ನು ಬಹಳ ಮೀರಿತ್ತು. ಈ ಲೆಕ್ಕ ಯಾರಿಗೂ ಗುಟ್ಟಾಗಿರಲಿಲ್ಲ, ಕಾರ್ಮಿಕ ಸಂಘಗಳಿಗೆ ಅಂಕಿ ಅಂಕಿಯೂ ಗೊತ್ತಿತ್ತು. ಆದರೂ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅದು ಊರಿಗೆ ಊರೇ ಕುಸಿದ ಹಾಗಾಯಿತು, ಇಂದಿಗೂ ಸಾವಿರಾರು ಮಂದಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಲೆಕ್ಕ ತೆರೆದಿಟ್ಟರೂ, ಬದಲಾವಣೆಯ ಆಚೆ ದಡದಲ್ಲಿ ನಿಲ್ಲಲು ನೆಲವೇ ಇಲ್ಲದಿದ್ದರೆ ಜನರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಗಣಿ ಬರಿದಾಗುತ್ತಿದೆ ಎಂದು ಗೊತ್ತಿದ್ದ ಎರಡು ದಶಕಗಳಲ್ಲಿ ಪರ್ಯಾಯ ಕಟ್ಟಬೇಕಿದ್ದ ಕೇಂದ್ರ ಸರ್ಕಾರ ಅದನ್ನು ಕಟ್ಟಲಿಲ್ಲ. ಪಾರದರ್ಶಕತೆಯೇ ನಾಯಕತ್ವವಲ್ಲ ಎನ್ನುವವರಿಗೆ ಈ ಚಿನ್ನದ ಗಣಿಯೇ ಸಾಕ್ಷಿ, ಅದನ್ನು ಅಲ್ಲಗಳೆಯಲಾರೆ. ಸಹಕಾರ ಸಂಸ್ಥೆಗಳ ಚುನಾವಣೆಗಳಲ್ಲಿ ಹಣ ಹರಿಯುವುದು, ಹಾಲು ಒಕ್ಕೂಟದ ವಿಭಜನೆ ರಾಜಕೀಯದ ದಾಳವಾದದ್ದು ಇವನ್ನೂ ಇದರ ಪಕ್ಕದಲ್ಲಿ ಇಡಬೇಕು; ಊರ ಡೇರಿಯಲ್ಲಿ ಕಾಣುವ ಲೆಕ್ಕ ಒಕ್ಕೂಟದ ಮಟ್ಟಕ್ಕೆ ಏರಿದಂತೆ ಮಸುಕಾಗುತ್ತದೆ.

ಈಗಿನ ಸ್ಥಿತಿ ಈ ಪ್ರಶ್ನೆಯನ್ನು ಇನ್ನಷ್ಟು ಹತ್ತಿರ ತಂದಿದೆ. ನರಸಾಪುರದಲ್ಲಿ, ವೇಮಗಲ್‌ನಲ್ಲಿ, ಮಾಲೂರಿನಲ್ಲಿ ಕಾರ್ಖಾನೆಗಳು ಬೆಳೆಯುತ್ತಿವೆ, ಅಲ್ಲಿಗೆ ಬರುವ ಹೊಸಬರಲ್ಲಿ ಯುವತಿಯರು ಬಹಳ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ಪಾಳಿಗೆ ಅವಕಾಶ ಕೊಟ್ಟು, ಮೂರು ತಿಂಗಳ ಓಟಿಯ ಮಿತಿಯನ್ನೂ ಏರಿಸಿತು. ವಾರಕ್ಕೆ ನಾಲ್ಕು ದಿನ, ಐದು ದಿನ, ಮೇಲೆ ಓಟಿ ಎಂದಾದಾಗ ಒಬ್ಬರ ಗಂಟೆಗಳ ಲೆಕ್ಕ ಮೊದಲಿಗಿಂತ ಬಹಳ ಜಟಿಲವಾಗುತ್ತದೆ. ಓಟಿಗೆ ಎರಡರಷ್ಟು ಕೂಲಿ ಬರಬೇಕಾದ್ದರಿಂದ ಪ್ರತಿ ಗಂಟೆಗೂ ಬೆಲೆ ಇದೆ. ಆದ್ದರಿಂದ ಇಲ್ಲಿ ಹೊಸ ಪಾಳಿ ತರುವ ಯಾವ ಕಂಪನಿಯೂ ಮೊದಲು ಉತ್ತರಿಸಬೇಕಾದ ಪ್ರಶ್ನೆಗಳು ಸರಳ. ಇವತ್ತಿನ ಹಾಜರಿ ಇವತ್ತೇ ಕಾರ್ಮಿಕಳ ಮೊಬೈಲಿಗೆ ಕನ್ನಡದಲ್ಲಿ ಬರುತ್ತದೆಯೇ? ತಪ್ಪಿದ್ದರೆ ಅದನ್ನು ತಿದ್ದುವ ಅಧಿಕಾರವಿರುವ ಒಬ್ಬ ವ್ಯಕ್ತಿ ರಾತ್ರಿ ಪಾಳಿಯಲ್ಲೂ ಅದೇ ಕಟ್ಟಡದಲ್ಲಿ ಕೂತಿರುತ್ತಾರೆಯೇ? ಆ ವ್ಯಕ್ತಿ ಏಜೆನ್ಸಿಯವರೋ, ಕಂಪನಿಯವರೋ?